ಪರದೆಯ ಮೇಲಿನ ಅಡ್ಡಗೆರೆಗಳು

ನನ್ನ ರೇಡಿಯೋ ಲಾಗ್ ಪುಸ್ತಕದ ಅಕ್ಟೋಬರ್ ಮೂರರ ಪುಟದಲ್ಲಿ ನಾನು ಎರಡು ಸಾಲು ಬರೆದಿದ್ದೇನೆ. ದೊಡ್ಡಪ್ಪನ ಶೇಂಗಾ ಹೊಲದ ಬದುವಿನಲ್ಲಿ ಬೆಳಿಗ್ಗೆ ಒಂದು ಕಾಡುಹಂದಿ ಸತ್ತು ಬಿದ್ದಿತ್ತು. ಹಿಂದಿನ ಸಂಜೆ ನನ್ನ ರೇಡಿಯೋದಲ್ಲಿ ಎಂದೂ ಇಲ್ಲದ ಗದ್ದಲ ಎದ್ದು ಒಂದು ದೇಶವೂ ಸಿಗಲಿಲ್ಲ. ಎರಡು ಸಾಲಿನ ನಡುವೆ ಗೆರೆ ಎಳೆದು ಬೇರೆ ಮಾಡಿದ್ದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆಯೆಂದು ಆಗ ಹೊಳೆದಿರಲಿಲ್ಲ.

ಹಂದಿಯ ಮೂತಿ ಸುಟ್ಟು ಕಪ್ಪಾಗಿತ್ತು. ನಾಲಿಗೆ ಹಲ್ಲಿನ ನಡುವೆ ಸಿಕ್ಕಿ ಎರಡು ತುಂಡಾಗಿತ್ತು. ದೊಡ್ಡಪ್ಪನ ಮನೆ ನಮ್ಮ ಮನೆಯಂತೆಯೇ ಮೊಟ್ಟೆಯೂ ಒಳಗೆ ಬಾರದ ಮನೆ. ಅವರ ಇಬ್ಬರು ಗಂಡುಮಕ್ಕಳು ಹಂದಿಯನ್ನು ಕೈಯಿಂದ ಮುಟ್ಟದೆ ಅದರ ಹಿಂಗಾಲಿಗೆ ಸರಪಳಿ ಬಿಗಿದು ಟ್ರ್ಯಾಕ್ಟರಿಗೆ ಕಟ್ಟಿ, ಹಳೆಯ ಕಲ್ಲು ಕ್ವಾರಿಯವರೆಗೆ ಎಳೆದುಕೊಂಡು ಹೋದರು. ನಮ್ಮ ಮನೆಯ ಮುಂದಿನ ದಾರಿಯಲ್ಲಿ ರಕ್ತದ ಗೆರೆ ಎರಡು ದಿನ ಉಳಿದಿತ್ತು. ಅಮ್ಮ ಅದರ ಮೇಲೆ ಬೂದಿ ಚೆಲ್ಲಿದಳು.

ನಮ್ಮ ಮನೆ ಇರುವುದು ಧರ್ಮಪುರದಿಂದ ಎರಡು ಮೈಲಿ ಆಚೆ, ಹೊಲಗಳ ನಡುವೆ. ಊರಿನ ಬಸ್ ನಿಲ್ದಾಣದ ಹತ್ತಿರ ಅಪ್ಪನಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಚಿತ್ರದುರ್ಗದಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ನಾನೂ ಅಲ್ಲಿಯೇ ಕೂರುತ್ತೇನೆ. ಹ್ಯಾಮ್ ರೇಡಿಯೋದಲ್ಲಿ ದೂರದ ದೇಶದವರೊಡನೆ ಮಾತಾಡುವ ಹುಚ್ಚು ಹತ್ತಿದ್ದೂ ಚಿತ್ರದುರ್ಗದಲ್ಲೇ. ಪೊಲೀಸ್ ವೈರ್‌ಲೆಸ್ಸಿನಿಂದ ನಿವೃತ್ತರಾದ ಒಬ್ಬರು ತಮ್ಮ ಮನೆಯ ಮಹಡಿಯಲ್ಲಿ ಮೂರ್ನಾಲ್ಕು ಜನಕ್ಕೆ ಕಲಿಸುತ್ತಿದ್ದರು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದೆ, ಒಂದು ಹಳೆಯ ಸೆಟ್ಟು ಕೊಂಡೆ. ಮನೆಯ ಮಾಳಿಗೆಯ ಮೇಲೆ ಎರಡು ಬಿದಿರು ಗಳ ನೆಟ್ಟು ನಡುವೆ ತಂತಿ ಎಳೆದೆ. ನನ್ನ ಆಂಟೆನಾ ಅಷ್ಟೇ. ಆ ಅಕ್ಟೋಬರಿನ ಹೊತ್ತಿಗೆ ನಾನು ಮಾತಾಡಿಸಿದ ಪಟ್ಟಿಯಲ್ಲಿ ನೂರ ಹನ್ನೊಂದು ದೇಶಗಳಿದ್ದವು.

ಸೆಟ್ಟಿಗೆ ಒಂದು ಲ್ಯಾಪ್‌ಟಾಪ್ ಜೋಡಿಸಿದ್ದೇನೆ. ಅದರ ಪರದೆಯ ಮೇಲೆ ಇಡೀ ಬ್ಯಾಂಡು, ಅಂದರೆ ನಾವು ಮಾತಾಡುವ ತರಂಗಗಳ ಸಾಲು, ಒಂದೇ ನೋಟಕ್ಕೆ ಕಾಣುತ್ತದೆ. ಮೇಲರ್ಧದಲ್ಲಿ ಒಂದು ಹಸಿರು ಗೆರೆ ಎಳೆ ಹುಲ್ಲಿನ ಹಾಗೆ ನಡುಗುತ್ತಿರುತ್ತದೆ. ಯಾವ ಸ್ಟೇಷನ್ ಮಾತಾಡಿದರೂ ಅದರ ಜಾಗದಲ್ಲಿ ಹುಲ್ಲು ಎದ್ದು ನಿಲ್ಲುತ್ತದೆ. ಕೆಳಗಿನ ಅರ್ಧದಲ್ಲಿ ಕಡುನೀಲಿ ಬಣ್ಣ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತದೆ. ಅದನ್ನು ವಾಟರ್‌ಫಾಲ್ ಎನ್ನುತ್ತೇವೆ. ಮಾತಾಡಿದ ಪ್ರತಿಯೊಬ್ಬನೂ ಆ ನೀಲಿಯಲ್ಲಿ ಹಳದಿಯ ಉದ್ದ ಪಟ್ಟಿಯೊಂದನ್ನು ಬಿಟ್ಟುಹೋಗುತ್ತಾನೆ. ಕಿವಿಗೆ ಕೇಳುವ ಮೊದಲೇ ಕಣ್ಣಿಗೆ ಸಿಗುತ್ತಾನೆ.

ಇದಿಲ್ಲದೆ ನನ್ನಂಥವರು ಬದುಕುವುದು ಕಷ್ಟ. ಯಾವುದಾದರೂ ದೂರದ ದ್ವೀಪದಿಂದ ಅಪರೂಪಕ್ಕೆ ಒಬ್ಬ ಕರೆದನೆಂದರೆ ನೂರಾರು ಜನ ಅವನ ಮೇಲೆ ಬೀಳುತ್ತಾರೆ. ಅದೂ ಒಂದು ಬಡಿದಾಟ. ದೊಡ್ಡ ಗೋಪುರ, ದೊಡ್ಡ ಆಂಪ್ಲಿಫೈಯರ್ ಇರುವವರು ಉಳಿದವರನ್ನು ತುಳಿದು ಮೇಲೆ ಹತ್ತುತ್ತಾರೆ. ದ್ವೀಪದವನು ಒಂದು ಜಾಗದಲ್ಲಿ ಮಾತಾಡಿ, ಅದಕ್ಕಿಂತ ಸ್ವಲ್ಪ ಮೇಲಿನ ಜಾಗದಲ್ಲಿ ಕೇಳಿಸಿಕೊಳ್ಳುತ್ತಾನೆ. ನಿಯಮ ತಿಳಿಯದವರು ಅವನ ಜಾಗದಲ್ಲೇ ಕೂಗುತ್ತಾರೆ. ಅವರನ್ನು ಬೈಯಲು ಇನ್ನು ಹತ್ತು ಜನ ಅಲ್ಲಿಗೇ ಬರುತ್ತಾರೆ. ನಾನು ಕೂಗುವುದಿಲ್ಲ. ಅವನು ಯಾರಿಗೆ ಉತ್ತರ ಕೊಟ್ಟನೋ ಅವನ ಹಳದಿ ಪಟ್ಟಿ ಪರದೆಯಲ್ಲಿ ಎಲ್ಲಿದೆಯೆಂದು ಹುಡುಕುತ್ತೇನೆ. ಆಮೇಲೆ ಇನ್ನೊಬ್ಬನದು. ಮೂರು ನಾಲ್ಕು ಸಲ ನೋಡಿದರೆ ಅವನ ಕಿವಿ ಯಾವ ಕಡೆಗೆ ಸರಿಯುತ್ತಿದೆಯೆಂದು ಗೊತ್ತಾಗುತ್ತದೆ. ಅವನು ಬರುವ ದಾರಿಯಲ್ಲಿ ಒಂದು ಖಾಲಿ ಸಂದು ನೋಡಿ ಮೊದಲೇ ಹೋಗಿ ನಿಲ್ಲುತ್ತೇನೆ, ಲೈಸೆನ್ಸಿನ ಜೊತೆ ಸಿಕ್ಕ ನನ್ನ ಕರೆಹೆಸರನ್ನು ಒಂದೇ ಸಲ ಹೇಳುತ್ತೇನೆ. ಗೋಪುರದವರು ಹಿಂದೆ ಹೊಡೆದಾಡುತ್ತಿರುತ್ತಾರೆ.

ಅಕ್ಟೋಬರಿನಲ್ಲಿ ಈ ಪರದೆ ಕುರುಡಾಯಿತು. ಸೂರ್ಯ ಮುಳುಗುವ ಹೊತ್ತಿಗೆ, ಅಂದರೆ ದೂರದ ದೇಶಗಳು ಚೆನ್ನಾಗಿ ಸಿಗುವ ಹೊತ್ತಿಗೇ, ಬ್ಯಾಂಡಿನ ಉದ್ದಕ್ಕೂ ಬಿಳಿಯ ಮಂಜು ಏಳುತ್ತಿತ್ತು. ಕಿವಿಗೆ ಜೇನುಹುಳದಂಥ ಗುಂಯ್‌ಗುಟ್ಟುವ ಸದ್ದು. ಮಳೆ ಬಂದ ಸಂಜೆ ಹೆಚ್ಚು, ಬಾರದ ಸಂಜೆ ಕಡಿಮೆ. ಇದು ಕರೆಂಟು ಎಲ್ಲೋ ಕಿಡಿ ಹಾರಿಸುತ್ತಿರುವ ಸದ್ದು ಎಂದು ರಿವೈಂಡಿಂಗ್ ಅಂಗಡಿಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನವೂ ಗುರುತು ಹಾಕುತ್ತಾ ಬಂದೆ. ಅದೇ ಪುಟದ ಕೆಳಗೆ ದೊಡ್ಡಪ್ಪನ ಹೊಲದ ಸಾವುಗಳೂ ಬೀಳುತ್ತಿದ್ದವು: ಹಂದಿ ನಾಲ್ಕು, ಮೊಲ ಒಂದು, ಆಚೆ ತೋಟದವರ ನಾಯಿ ಒಂದು. ನಾಯಿ ಸತ್ತ ದಿನ ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಮಾರನೆಯ ಸಂಜೆ ಕೈಯಲ್ಲಿ ಹಿಡಿಯುವ ಸಣ್ಣ ರಿಸೀವರು ತೆಗೆದುಕೊಂಡು ಸದ್ದು ಯಾವ ಕಡೆ ಜೋರಾಗುತ್ತದೋ ಆ ಕಡೆ ನಡೆದೆ. ನಮ್ಮ ಹೊಲ ದಾಟಿದ ಕೂಡಲೇ ಅದು ಕಿವಿ ಹರಿಯುವಂತೆ ಅರಚಿತು. ಎದುರಿಗೆ ದೊಡ್ಡಪ್ಪನ ಹೊಲ. ಸುತ್ತಲೂ ಜಾಲಿ ಗೂಟ ನೆಟ್ಟು ಮೊಣಕಾಲೆತ್ತರಕ್ಕೆ ಬರಿ ತಂತಿ ಎಳೆದಿದ್ದರು. ಒದ್ದೆ ಹುಲ್ಲು ತಂತಿಗೆ ತಾಗಿದಲ್ಲೆಲ್ಲ ಚಿಟಿಚಿಟಿ ಎನ್ನುತ್ತಿತ್ತು.

ದೊಡ್ಡಪ್ಪ ಪಂಪ್‌ಹೌಸಿನಿಂದ ಹೊರಗೆ ಬಂದರು. "ಏನವ್ವಾ, ಹೊಲದಾಗೆ ಹಾಡು ಕೇಳ್ಕಂತ ತಿರುಗ್ತಾ ಇದೀಯ?"

"ದೊಡ್ಡಪ್ಪ, ಈ ತಂತಿಗೆ ಕರೆಂಟ್ ಕೊಟ್ಟಿದೀರಾ?"

"ಕೊಟ್ಟಿದೀನಿ. ಹಂದಿಗೆ ಆರತಿ ಎತ್ಲಾ ಮತ್ತೆ? ಒಂದು ಎಕರೆ ಶೇಂಗಾ ಉತ್ತು ಹಾಕ್ಯಾವೆ."

"ಮನುಷ್ಯರು ಎಡವಿದ್ರೆ ಏನ್ ಗತಿ? ನಾಯಿ ಸತ್ತಿಲ್ವಾ? ನನ್ ರೇಡಿಯೋನೂ ಕೆಟ್ಟು ಕುಂತೈತೆ."

"ಹಂಗನ್ನು ಮತ್ತೆ! ಮನುಷ್ಯರು ಗಿನುಷ್ಯರು ಅಂತ ಯಾಕೆ ಸುತ್ತಿ ಬಳಸ್ತೀಯ? ನಿನ್ನ ಡಬ್ಬಿ ಚಿಂತೆ ನಿಂಗೆ."

ಹಾಗೆಂದವರೇ ನನ್ನ ಕೈಯಲ್ಲಿದ್ದ ರಿಸೀವರನ್ನು ಕಿತ್ತುಕೊಂಡು ಬದುವಿನ ಕಲ್ಲಿಗೆ ಅಪ್ಪಳಿಸಿದರು. ಒಂದು ಸಲಕ್ಕೆ ಒಡೆಯಲಿಲ್ಲ. ಮತ್ತೊಂದು ಸಲ ಎತ್ತಿದಾಗ ಅವರ ಮುಂಗೈ ಹಿಡಿದೆ. ಅವರು ನನ್ನ ಎದೆಗೆ ಕೈ ಕೊಟ್ಟು ತಳ್ಳಿದರು. ಜಾಲಿ ಮುಳ್ಳಿನ ರಾಶಿಯ ಮೇಲೆ ಅಂಗಾತ ಬಿದ್ದೆ. ನನ್ನ ಕೂಗು ಕೇಳಿ ಅಪ್ಪ ಓಡಿಬಂದು ಏನೂ ಕೇಳದೆ ಅಣ್ಣನ ಅಂಗಿ ಹಿಡಿದು ಕೆನ್ನೆಗೆ ಬಾರಿಸಿದರು. ಅರವತ್ತರ ಹತ್ತಿರದ ಇಬ್ಬರು ಅಣ್ಣತಮ್ಮಂದಿರು ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ಕೆಸರಿನಲ್ಲಿ ಉರುಳಿದರು. ದೊಡ್ಡಪ್ಪ ಅಪ್ಪನ ಕಿವಿ ಕಚ್ಚಿದರು. ಅಪ್ಪ ಅವರ ಹೊಟ್ಟೆಗೆ ಮೊಣಕಾಲು ಹಾಕಿದರು. ಉರುಳುತ್ತಾ ಉರುಳುತ್ತಾ ಇಬ್ಬರೂ ತಂತಿಗೆ ಒಂದು ಮೊಳ ದೂರಕ್ಕೆ ಬಂದರು.

"ತಂತಿ! ತಂತಿ!" ಎಂದು ಚೀರಿದೆ.

ಇಬ್ಬರೂ ಬಿದ್ದಲ್ಲೇ ಕಲ್ಲಾದರು. ಆಮೇಲೆ ಒಬ್ಬರನ್ನೊಬ್ಬರು ಬಿಟ್ಟು, ಅಂಬೆಗಾಲಿಟ್ಟು ಎರಡು ಕಡೆಗೆ ಸರಿದರು. ಅಪ್ಪನ ಕಿವಿಯಿಂದ ಕೊರಳಿಗೆ ರಕ್ತ ಇಳಿಯುತ್ತಿತ್ತು.

ಊರಿನ ನಾಲ್ಕು ಜನ ಸೇರಿ ಪಂಚಾಯ್ತಿ ಮಾಡಿದರು. ದೊಡ್ಡಪ್ಪ ಕರೆಂಟು ತೆಗೆಯುವುದಾಗಿ ಒಪ್ಪಿದರು. ತಂತಿ ಮಾತ್ರ ಇರಲಿ, ಹಂದಿ ಹೆದರುತ್ತವೆ ಎಂದರು. ನವೆಂಬರ್ ಮೊದಲ ವಾರ ನನ್ನ ಪರದೆ ತಿಳಿಯಾಯಿತು. ಮಂಜು ಹೋಗಿ ಕಡುನೀಲಿ ಮರಳಿತು. ಅಷ್ಟು ಸ್ವಚ್ಛವಾದ ಬ್ಯಾಂಡನ್ನು ನಾನು ಮಳೆಗಾಲಕ್ಕೆ ಮೊದಲೂ ಕಂಡಿರಲಿಲ್ಲ. ಒಂದು ವಾರದಲ್ಲಿ ನಾಲ್ಕು ಹೊಸ ದೇಶ ಸಿಕ್ಕವು.

"ನೋಡ್ಕಳಪ್ಪ, ನಿನ್ ಮಗಳ ಟಿವಿಯಾಗೇ ನೋಡ್ಕ," ಎಂದು ದೊಡ್ಡಪ್ಪ ಅಂಗಡಿಗೇ ಬಂದು ಅಪ್ಪನಿಗೆ ಹೇಳಿದರು. "ಕರೆಂಟ್ ಇದ್ರೆ ಅದ್ರಾಗೆ ಕಾಣ್ತಿತ್ತು ತಾನೆ? ಕಾಣ್ತೈತಾ?"

ಅಪ್ಪ ನೋಡಿದರು. ಕಾಣಲಿಲ್ಲ. ಆ ದಿನದಿಂದ ಅಪ್ಪನಿಗೆ ಪರದೆಯ ಬಗ್ಗೆ ಹೆಮ್ಮೆ ಹುಟ್ಟಿತು. ಮೋಟಾರು ತಂದವರಿಗೆಲ್ಲ ಹೇಳುತ್ತಿದ್ದರು: "ನನ್ ಮಗ್ಳು ಮನೇಲಿ ಕುಂತು ಯಾರ ಹೊಲದಾಗೆ ಕರೆಂಟ್ ಐತೆ, ಯಾರ ಹೊಲದಾಗೆ ಇಲ್ಲ ಅಂತ ಹೇಳ್ತಾಳೆ." ನಾನೂ ನಗುತ್ತಿದ್ದೆ. ನಾನೂ ಹಾಗೆಯೇ ನಂಬಿದ್ದೆ.

ಆ ವಾರ ದೊಡ್ಡಪ್ಪ ಮಾಡಿದ್ದು ಬೇರೆ. ಅವರ ಅಳಿಯ ಹೊಳಲ್ಕೆರೆಯಲ್ಲಿ ಎಲೆಕ್ಟ್ರಿಕ್ ಕೆಲಸದವನು. ಅವನಿಂದ ಒಂದು ಚೀಲ ಹಳೆಯ ಪಿಂಗಾಣಿ ಇನ್ಸುಲೇಟರ್ ಬುಗುಟುಗಳನ್ನು ತರಿಸಿ, ನಮ್ಮ ಕಡೆಗೆ ಕಾಣದ ಹಾಗೆ ಪ್ರತಿ ಗೂಟದ ಒಳಮಗ್ಗುಲಿಗೆ ಒಂದೊಂದು ಬಿಗಿದು ತಂತಿಯನ್ನು ಅದರ ಮೇಲೆ ಹಾಯಿಸಿದ್ದರು. ತಂತಿಗೆ ತಾಗುವ ಹುಲ್ಲನ್ನೆಲ್ಲ ಕುಡುಗೋಲಿನಿಂದ ಸವರಿದ್ದರು. ಕರೆಂಟು ಹಾಗೆಯೇ ಇತ್ತು. ರೇಡಿಯೋಗೆ ಕೇಳುವುದು ಕರೆಂಟಲ್ಲ, ಅದು ಸೋರುವಾಗ ಹಾರುವ ಕಿಡಿ. ಸೋರಿಕೆ ನಿಂತಿತು, ಸದ್ದು ನಿಂತಿತು. ಮೊದಲು ಅರ್ಧ ಕರೆಂಟು ಹುಲ್ಲಿನ ಮೂಲಕ ನೆಲಕ್ಕೆ ಹೋಗುತ್ತಿತ್ತು. ಈಗ ಪೂರ್ತಿ ತಂತಿಯಲ್ಲೇ ನಿಂತು ಕಾಯುತ್ತಿತ್ತು.

ನವೆಂಬರ್ ಹದಿನಾಲ್ಕರ ಸಂಜೆ ಕುರಿಯವನು ಬಂದ. ಅವನು ಹೊಸದುರ್ಗದ ಕಡೆಯವನು, ಮತ್ತೋಡಿನ ಆಸುಪಾಸು. ಪ್ರತಿ ವರ್ಷ ಕಟಾವಾದ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾ ಈ ಕಡೆ ಬರುತ್ತಾನೆ. ರಾತ್ರಿಯಿಡೀ ಕುರಿಗಳು ಹೊಲದಲ್ಲಿ ಮಲಗಿದರೆ ಅವುಗಳ ಗೊಬ್ಬರ ನೆಲಕ್ಕೆ, ಹೊಲದವರಿಂದ ರಾಗಿ ಅವನಿಗೆ. ನಮ್ಮ ಶೇಂಗಾ ಕಿತ್ತಾಗಿತ್ತು. ದೊಡ್ಡಪ್ಪನದು ತಡವಾಗಿ ಬಿತ್ತಿದ್ದರಿಂದ ಇನ್ನೂ ಹಸಿರಾಗಿ ನಿಂತಿತ್ತು. ಕುರಿಯವನ ಜೊತೆ ಅವನ ತಮ್ಮ ಇದ್ದ. ಅರವತ್ತು ಕುರಿ, ಅದರಲ್ಲಿ ಬಹಳಷ್ಟು ಗಬ್ಬದವು. ಹಿಂದಿನ ವರ್ಷ ರೋಗ ಬಂದು ಅರ್ಧ ಮಂದೆ ಹೋಗಿತ್ತು. ಉಳಿದ ಇವಿಷ್ಟೇ ಅಣ್ಣತಮ್ಮಂದಿರ ಬದುಕು. ಇನ್ನೊಂದು ಪೆಟ್ಟು ಬಿದ್ದರೆ ಕುರಿ ಬಿಟ್ಟು ಇಟ್ಟಿಗೆ ಗೂಡಿಗೆ ಹೋಗಬೇಕಾಗುತ್ತದೆ ಎಂದು ಅವನೇ ಅಪ್ಪನಿಗೆ ಹೇಳಿದ್ದ.

ಆ ತಂತಿ ಅವನ ಕಣ್ಣಿಗೆ ಬಿತ್ತು. "ಯಜಮಾನ್ರೆ, ಅದ್ರಾಗೆ ಏನಾರ ಐತಾ? ಯಲ್ಲದಕೆರೆ ತಾವ ನಮ್ಮೋರ ಒಬ್ಬನ ಎರಡು ಟಗರು ಹಿಂಗೇ ಹೋದ್ವು."

"ಏನೂ ಇಲ್ಲ ಬಾರಪ್ಪ. ನಂಬಿಕೆ ಇಲ್ದಿದ್ರೆ ತೋರಿಸ್ತೀನಿ ಬಾ," ಎಂದು ಅಪ್ಪ ಅವನನ್ನು ನನ್ನ ಕೋಣೆಯ ಕಿಟಕಿಗೆ ಕರೆತಂದರು.

ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದೆ. ಅಟ್ಲಾಂಟಿಕ್‌ನ ನಡುವಿನ ಒಂದು ದ್ವೀಪದವನು ಅಂದು ಮೊದಲ ಸಲ ಕೇಳಿಸುತ್ತಿದ್ದ. ಯುರೋಪು ಇಡೀ ಅವನ ಮೇಲೆ ಎರಗಿತ್ತು. ಪರದೆಯಲ್ಲಿ ಹಳದಿ ಪಟ್ಟಿಗಳು ಒಂದರ ಮೇಲೊಂದು ಹತ್ತಿ ಕೆಂಪಾಗಿದ್ದವು. ಕಿಟಕಿಯಲ್ಲಿ ಅಪ್ಪನ ಪಕ್ಕದಲ್ಲಿ ಕಂಬಳಿ ಹೊದ್ದ ಒಬ್ಬನನ್ನು ಕಂಡು ತಲೆಯಾಡಿಸಿದೆ. ಅವರು ಏನು ಮಾತಾಡಿದರೆಂದು ಆಮೇಲೆ ಅಪ್ಪನೇ ಹೇಳಿದ್ದು.

"ಟಿವಿಯಾಗೆ ಕರೆಂಟ್ ಕಾಣ್ತೈತಾ ಯಜಮಾನ್ರೆ?"

"ಕಾಣ್ತೈತೆ. ನೀಲಿ ಇದ್ರೆ ಇಲ್ಲ, ಬೆಳ್ಳಗಾದ್ರೆ ಐತೆ. ಈಗ ನೀಲಿ ಐತಲ್ಲ."

"ನಮ್ ಮನೆಯಾಕಿ ಸಿಟ್ಟು ಕಾಣ್ತೈತಾ ಕೇಳ್ರಿ. ಮತ್ತೋಡು ಕಡೆ ತಿರುಗ್ಸಿ ನೋಡ್ಲಿ."

ಇಬ್ಬರೂ ನಕ್ಕಿದ್ದಾರೆ. ಕುರಿಯವನು ಮಂದೆಯನ್ನು ನಮ್ಮ ಹೊಲಕ್ಕೆ ಇಳಿಸಿದ್ದಾನೆ.

ನನಗೆ ಆಗ ದ್ವೀಪವೊಂದೇ ಕಾಣುತ್ತಿತ್ತು. ಅವನು ಉತ್ತರ ಕೊಟ್ಟ ಮೂವರ ಪಟ್ಟಿ ಹಿಡಿದೆ. ಒಂದಕ್ಕಿಂತ ಒಂದು ಸ್ವಲ್ಪ ಮೇಲೆ. ಮುಂದೆ ಎಲ್ಲಿಗೆ ಬರುತ್ತಾನೆಂದು ಅಂದಾಜು ಮಾಡಿ ಎರಡು ದಪ್ಪ ಪಟ್ಟಿಗಳ ನಡುವಿನ ನೀಲಿ ಸಂದಿಗೆ ಹೋಗಿ ನಿಂತೆ. ಕರೆದೆ. ಇಲ್ಲ. ಇನ್ನೊಬ್ಬನಿಗೆ ಹೋದ. ಮತ್ತೆ ಕರೆದೆ. ಅಷ್ಟರಲ್ಲಿ ಪರದೆಯ ಈ ತುದಿಯಿಂದ ಆ ತುದಿಗೆ ಒಂದು ಬಿಳಿ ಅಡ್ಡಗೆರೆ ಹಾಯಿತು. ಕಿವಿಯಲ್ಲಿ ಟರ್ ಎಂದಿತು. ಯಾರೋ ಮೋಟಾರು ಹಾಕಿರಬೇಕು ಎಂದುಕೊಂಡೆ. ಗೆರೆ ನೀಲಿಯಲ್ಲಿ ಕೆಳಗಿಳಿಯಿತು. ಅದರ ಹಿಂದೆಯೇ ಇನ್ನೊಂದು. ಮತ್ತೆರಡು ಒಟ್ಟೊಟ್ಟಿಗೆ. ದ್ವೀಪದವನು ನನ್ನ ಕರೆಹೆಸರಿನ ಕೊನೆಯ ಎರಡು ಅಕ್ಷರ ಹೇಳಿ, ಉಳಿದದ್ದೇನೆಂದು ಕೇಳಿದ. ಅವನ ಮಾತಿನ ನಡುವೆಯೇ ಐದನೆಯ ಗೆರೆ ಎದ್ದಿತು. ಹಲ್ಲು ಕಚ್ಚಿ ಪೂರ್ತಿ ಕರೆಹೆಸರು ಹೇಳಿದೆ. ಅವನು ಅದನ್ನು ಸರಿಯಾಗಿ ಮರಳಿ ಹೇಳಿ, ಐದು-ಒಂಬತ್ತು ಎಂದ, ಅಂದರೆ ಚೆನ್ನಾಗಿ ಕೇಳುತ್ತಿದ್ದೀಯ ಎಂದು. ನಾನೂ ಐದು-ಒಂಬತ್ತು ಎಂದೆ. ನೂರ ಹದಿನಾರನೆಯ ದೇಶ. ಆಗ ಆರನೆಯ ಗೆರೆ ಬಂತು. ಅದು ಗೆರೆಯಾಗಿ ಮುಗಿಯಲಿಲ್ಲ. ದಪ್ಪವಾಗುತ್ತಾ ಹೋಗಿ ಪರದೆಯ ನೀಲಿಯನ್ನು ಬೆರಳುದ್ದ ನುಂಗಿತು.

ಹೆಡ್‌ಫೋನ್ ತೆಗೆದೆ. ಹೊರಗೆ ಮನುಷ್ಯನ ಕೂಗು. ಕುರಿಗಳ ಅರಚಾಟ.

ಐದು ಕುರಿ ಬದುವಿನಲ್ಲಿ ಬಿದ್ದಿದ್ದವು. ದೊಡ್ಡಪ್ಪನ ಹೊಲದ ಹಸಿರು ಬಳ್ಳಿಗೆ ಬಾಯಿ ಹಾಕಲು ಹೋಗಿದ್ದವು. ಆ ಕಡೆ ಹಿಂದಿನ ದಿನ ನೀರು ಹಾಯಿಸಿದ್ದರು, ನೆಲ ಒದ್ದೆ. ಎರಡರ ಕಾಲು ಇನ್ನೂ ನೆಲವನ್ನು ಒದೆಯುತ್ತಿದ್ದವು. ಒಂದು ಗಬ್ಬದ ಕುರಿಯ ಹೊಟ್ಟೆಯೊಳಗೆ ಏನೋ ಹೊರಳಿ ನಿಂತಿತು. ಆರನೆಯದು ಕುರಿಯವನೇ. ಬಿದ್ದ ಕುರಿಯನ್ನು ಎಳೆಯಲು ಹೋಗಿ ಬಲಗೈ ತಂತಿಗೆ ಸಿಕ್ಕಿಕೊಂಡಿತ್ತು. ಅವನ ತಮ್ಮ ಒಣಗಿದ ಬಿದಿರು ದೊಣ್ಣೆಯಿಂದ ಆ ಕೈಯ ಮೇಲೆ ಮೂರು ನಾಲ್ಕು ಸಲ ಬಾರಿಸಿ ಬಿಡಿಸಿದ್ದ. ಅಂಗೈಯ ಚರ್ಮ ತಂತಿಯ ಮೇಲೆಯೇ ಉಳಿದಿತ್ತು. ಸುಟ್ಟ ಉಣ್ಣೆಯ ವಾಸನೆ. ಅಪ್ಪ ಬದುವಿನ ಮೇಲೆ ನಿಂತಿದ್ದರು.

ದೊಡ್ಡಪ್ಪ, ಅವರ ಮಕ್ಕಳಿಬ್ಬರು ಓಡಿಬಂದರು. ಬಂದವರೇ ದೊಡ್ಡಪ್ಪ ಶುರುಮಾಡಿದರು: "ನನ್ ಹೊಲಕ್ಕೆ ಯಾಕೆ ಬಿಟ್ರಿ ಕುರಿನ? ಏನೋ ತಿಂದು ಸತ್ತವೆ."

"ಕರೆಂಟ್ ಹೊಡ್ದೈತೆ! ನಮ್ಮಣ್ಣನ ಕೈ ನೋಡ್ಲೇ!" ಎಂದ ಕುರಿಯವನ ತಮ್ಮ.

"ಕರೆಂಟ್ ಎಲ್ಲೈತೆ? ಇವನ ಮಗಳ ಟಿವಿ ಕೇಳು. ಇವ್ನೇ ಊರಿಗೆಲ್ಲ ಹೇಳ್ಕಂಡು ತಿರುಗಿಲ್ವಾ, ತಂತಿಯಾಗೆ ಏನೂ ಇಲ್ಲ ಅಂತ? ಹೇಳವ್ವಾ, ನಿನ್ನ ಪರದೆಯಾಗೆ ಇತ್ತಾ? ಇವತ್ತು ಇತ್ತಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಇರಲಿಲ್ಲ, ಕುರಿ ಮುಟ್ಟುವವರೆಗೂ ಇರಲಿಲ್ಲ ಎಂದು ಹೇಳಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಕುರಿಯವನು ಎದ್ದ. ಬಲಗೈಯನ್ನು ಕಂಬಳಿಯಲ್ಲಿ ಸುತ್ತಿಕೊಂಡಿದ್ದ. ಎಡಗೈಯಿಂದ ದೊಡ್ಡಪ್ಪನ ಕುತ್ತಿಗೆಯ ಹಿಂಭಾಗಕ್ಕೆ ಕೈ ಹಾಕಿ ಬಗ್ಗಿಸಿದ. ಎಂಥ ಶಕ್ತಿಯಿತ್ತೋ, ದೊಡ್ಡಪ್ಪನ ಮಂಡಿ ನೆಲಕ್ಕೆ ಬಡಿಯಿತು. ಹಿರಿಯ ಮಗ ಮುಂದೆ ನುಗ್ಗಿದ. ಕುರಿಯವನ ತಮ್ಮ ದೊಣ್ಣೆ ಬೀಸಿ ಅವನ ಮೊಣಕಾಲಿಗೆ ಕೊಟ್ಟ. ಅವನು ಅಲ್ಲೇ ಮಡಚಿಕೊಂಡು ಬಿದ್ದ.

"ಕರೆಂಟ್ ಇಲ್ಲ ತಾನೆ? ಹಿಡ್ಕಳಪ್ಪ ಹಂಗಾದ್ರೆ," ಎಂದ ಕುರಿಯವನು. ದೊಡ್ಡಪ್ಪನ ಮುಖವನ್ನು ತಂತಿಯ ಕಡೆಗೆ ಒತ್ತಿದ. ಒಂದು ಗೇಣು. ಅರ್ಧ ಗೇಣು. "ಮೂತಿಲೇ ಮುಟ್ಟು. ನನ್ ಕುರಿ ಮೂತಿಲೇ ಮುಟ್ಟಿದ್ವು."

"ಬಿಡೋ! ಲೇ, ಬಿಡೋ!"

"ಯಾಕೆ? ಏನೂ ಇಲ್ವಲ್ಲ."

"ಐತೆ! ಐತೆ! ಕರೆಂಟ್ ಐತೆ! ಲೇ ಮಗನೇ, ಪಂಪ್‌ಹೌಸ್ ಫ್ಯೂಜ್ ಕೀಳೋ! ಓಡೋ!"

ಕಿರಿಯ ಮಗ ಓಡಿದ. ಫ್ಯೂಸು ಕೀಳುವವರೆಗೆ ಕುರಿಯವನು ಬಿಡಲಿಲ್ಲ. ಕಿತ್ತೆನೆಂದು ಆ ಹುಡುಗ ಅಲ್ಲಿಂದ ಕೂಗಿದ ಮೇಲೆ ದೊಡ್ಡಪ್ಪನ ತಲೆಯನ್ನು ಎತ್ತಿ, ಅದೇ ಬದುವಿನ ಕಲ್ಲಿಗೆ ಒಂದು ಸಲ ಬಡಿದ. ಹಣೆ ಸೀಳಿತು. ಆಮೇಲೆ ಎಲ್ಲರೂ ಎಲ್ಲರನ್ನೂ ಹೊಡೆದರು. ಹಿರಿಯ ಮಗ ಕುಂಟುತ್ತಾ ನಮ್ಮ ಮಾಳಿಗೆ ಹತ್ತಿ ನನ್ನ ಆಂಟೆನಾದ ಗಳವನ್ನು ತಂತಿ ಸಮೇತ ಕಿತ್ತು ತಂದ. ಅದರಿಂದ ಕುರಿಯವನ ತಮ್ಮನ ಬೆನ್ನಿಗೆ ಹೊಡೆಯುತ್ತಿದ್ದಾಗ ಗಳ ನಡುವೆ ಮುರಿಯಿತು. ಮುರಿದ ತುಂಡಿನಿಂದ ಅವನು ಮತ್ತೊಂದೇಟು ಎತ್ತಿದ. ಅಪ್ಪ ಅಡ್ಡ ಬಂದು ಅದನ್ನು ತಮ್ಮ ಹೆಗಲ ಮೇಲೆ ತೆಗೆದುಕೊಂಡರು. ನಾನು ದೊಡ್ಡಪ್ಪನ ಕಿರಿಯ ಮಗನ ಕೈ ಕಚ್ಚಿ ಅವನು ಹಿಡಿದಿದ್ದ ಕುಡುಗೋಲು ಬಿಡಿಸಿದೆ. ಅಮ್ಮ ಮನೆಯಿಂದ ಬಿಂದಿಗೆ ನೀರು ತಂದು ಎಲ್ಲರ ಮೇಲೆ ಎರಚಿದಳು. ಜಗಳವಾಡುವ ನಾಯಿಗಳಿಗೆ ಎರಚುವ ಹಾಗೆ. ಅದರಿಂದ ನಿಂತಿತೋ ಸುಸ್ತಾಗಿ ನಿಂತಿತೋ ಗೊತ್ತಿಲ್ಲ.

ದೊಡ್ಡಪ್ಪನನ್ನು ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬದುವಿನಿಂದ ಜಾರಿ ಬಿದ್ದೆ ಎಂದು ಅಲ್ಲಿ ಹೇಳಿದರಂತೆ. ತಂತಿಯ ವಿಷಯ ಹೊರಬಂದರೆ ತಮಗೇ ಕೇಸು ಎಂದು ಅವರಿಗೆ ಗೊತ್ತಿತ್ತು. ಕುರಿಯವನನ್ನೂ ಆಸ್ಪತ್ರೆಗೆ ಹೋಗೋಣವೆಂದು ಅಪ್ಪ ಕರೆದರು. ಮಂದೆ ಬಿಟ್ಟು ಬರುವುದಿಲ್ಲ ಎಂದ. ಅಮ್ಮ ಅವನ ಅಂಗೈಗೆ ತಣ್ಣೀರು ಸುರಿದು ಒಗೆದ ಬಟ್ಟೆ ಸುತ್ತಿದಳು. ಅವನು ಅಮ್ಮನ ಮುಖವನ್ನು ನೋಡಲಿಲ್ಲ.

ಬೆಳಗಾಗುತ್ತಲೇ ಸುದ್ದಿ ಹೇಗೋ ತಿಳಿದು ಇಬ್ಬರು ಮಾಂಸದ ವ್ಯಾಪಾರಿಗಳು ಒಂದೇ ಬೈಕಿನಲ್ಲಿ ಬಂದರು. ಚೀಲ, ಕತ್ತಿ ಎಲ್ಲ ತಂದಿದ್ದರು. "ಐದೂ ತಗೊಂತೀವಿ, ಏನ್ ಹೇಳ್ತೀಯ ಹೇಳು," ಎಂದರು. ಕುರಿಯವನು ಕಲ್ಲೊಂದನ್ನು ಎಡಗೈಯಲ್ಲಿ ಎತ್ತಿ ಎಸೆದ. ಬೈಕಿನ ದೀಪ ಒಡೆಯಿತು. ಎರಡನೆಯ ಕಲ್ಲಿಗೆ ಅವರು ಹೊರಟುಹೋದರು. ನಮ್ಮ ಹೊಲದ ಮೂಲೆಯಲ್ಲಿ ಗುಂಡಿ ತೋಡಿದೆವು. ದೊಡ್ಡಪ್ಪನ ಕಿರಿಯ ಮಗ ತಾನಾಗಿಯೇ ಗುದ್ದಲಿ ತಂದು, ನಾನು ಕಚ್ಚಿದ ಕೈಯಲ್ಲೇ ಅಗೆದ. ಯಾರೂ ಅವನಿಗೆ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಕುರಿಗಳನ್ನು ಒಂದೊಂದಾಗಿ ಇಳಿಸುವಾಗ ಕುರಿಯವನ ತಮ್ಮ ಪ್ರತಿಯೊಂದರ ಕಿವಿಯನ್ನೂ ಮುಟ್ಟಿ ಅದರ ತಾಯಿ ಯಾವುದೆಂದು ಹೇಳುತ್ತಿದ್ದ.

ಮಣ್ಣು ಮುಚ್ಚಿದ ಮೇಲೆ ಅಪ್ಪ ಕುರಿಯವನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಏನ್ ಕೊಡ್ಬೇಕು ಹೇಳಪ್ಪ. ನಾನು, ನಮ್ಮಣ್ಣ ಇಬ್ರೂ ಸೇರಿ ಕೊಡ್ತೀವಿ. ಮಾತು ಹೇಳ್ದೋನು ನಾನು."

"ಅದು ಆಮೇಲೆ ಯಜಮಾನ್ರೆ. ಮೊದ್ಲು ಉಳಿದವು ಜೀವ್ದಾಗೆ ರಸ್ತೆ ಮುಟ್ಬೇಕು."

"ದಾರಿಯಾಗೆ ಏನೂ ಇಲ್ಲ..." ಎಂದ ಅಪ್ಪ ಅರ್ಧಕ್ಕೆ ನಿಲ್ಲಿಸಿದರು.

"ಬಾಯಿ ಮಾತು ಬ್ಯಾಡ. ಟಿವಿನೂ ಬ್ಯಾಡ. ನೀವು ಮುಂದೆ ನಡೀರಿ. ತಂತಿ ಕಂಡಲ್ಲೆಲ್ಲ ನೀವು ಮುಟ್ಟಿದ ಮ್ಯಾಲೆ ನನ್ ಕುರಿ ಬರ್ತಾವೆ."

ನಮ್ಮ ಹೊಲದಿಂದ ಡಾಂಬರು ರಸ್ತೆಗೆ ಒಂದು ಮೈಲಿಗಿಂತ ಹೆಚ್ಚು ದೂರ. ಎರಡೂ ಕಡೆ ಹೊಲ, ತೋಟ, ಬೇಲಿ. ಅಪ್ಪ ಹಳೆಯ ಟವೆಲನ್ನು ಪೆಟ್ಟು ಬಿದ್ದ ಹೆಗಲಿಗೆ ಕಟ್ಟಿಕೊಂಡು ಮುಂದೆ ನಡೆದರು. ಅವರ ಹಿಂದೆ ನಾನು. ನಮ್ಮ ಹಿಂದೆ ಕುರಿಯವನು, ಅವನ ಹಿಂದೆ ಐವತ್ತೈದು ಕುರಿ, ಕೊನೆಗೆ ಅವನ ತಮ್ಮ. ಮೊದಲ ಬೇಲಿ ಸಪೋಟ ತೋಟದ್ದು. ಅಪ್ಪ ಕರೆಂಟಿನ ಕೆಲಸದವರು ಮಾಡುವ ಹಾಗೆ ಕೈಯ ಹಿಂಬದಿಯನ್ನು ತಂತಿಗೆ ತಾಗಿಸಿದರು. ಕರೆಂಟು ಇದ್ದರೆ ಹಾಗೆ ಮುಟ್ಟಿದ ಕೈ ಹಿಂದಕ್ಕೆ ಎಗರುತ್ತದೆ. ಅಂಗೈಯಾದರೆ ಬೆರಳು ತಾವೇ ಮಡಚಿ ತಂತಿಯನ್ನು ಹಿಡಿದುಬಿಡುತ್ತವೆ.

"ಅಂಗೈಯಾಗೆ ಹಿಡೀರಿ," ಎಂದ ಕುರಿಯವನು.

"ಹಿಂಗೂ ಗೊತ್ತಾಗ್ತೈತಪ್ಪ."

"ನಾನು ಹಂಗೆ ಮುಟ್ಟಿದ್ನಾ?"

ಅಪ್ಪ ಒಂದು ಕ್ಷಣ ತಂತಿಯನ್ನು ನೋಡಿದರು. ಆಮೇಲೆ ಪೂರ್ತಿ ಅಂಗೈಯಿಂದ ಹಿಡಿದರು. ಏನೂ ಆಗಲಿಲ್ಲ. ಕುರಿಯವನು ನಾಲಿಗೆಯಿಂದ ಟಕಟಕ ಸದ್ದು ಮಾಡಿದ. ಕುರಿಗಳು ದಾಟಿದವು.

ಎರಡನೆಯ ಬೇಲಿ ಹತ್ತಿರ ಬಂದಾಗ, "ನಾನು ಹಿಡೀತೀನಪ್ಪ," ಎಂದು ಮುಂದೆ ಹೋದೆ. ಅಪ್ಪ ಮೊಣಕೈಯಿಂದ ನನ್ನನ್ನು ಜೋರಾಗಿ ಹಿಂದಕ್ಕೆ ನೂಕಿದರು. ಹುಟ್ಟಿದಾರಭ್ಯ ಅವರು ನನ್ನ ಮೈಮೇಲೆ ಕೈ ಮಾಡಿದ್ದು ಅದೊಂದೇ ಸಲ. ನಾನು ಎಡವಿ ಬಿದ್ದೆ. ಅವರು ತಿರುಗಿಯೂ ನೋಡದೆ ತಂತಿ ಹಿಡಿದರು.

ಹೀಗೆ ಒಂದಾದ ಮೇಲೊಂದು. ಕೆಲವು ಮುಳ್ಳುತಂತಿ. ಅಪ್ಪ ಮುಳ್ಳಿಲ್ಲದ ಜಾಗ ಹುಡುಕಲಿಲ್ಲ, ಕೈಗೆ ಸಿಕ್ಕಲ್ಲಿ ಹಿಡಿದರು. ಪ್ರತಿ ಸಲ ಹಿಡಿಯುವ ಮೊದಲು ಅವರ ಹೆಗಲು ಬಿಗಿಯುವುದು ಹಿಂದಿನಿಂದ ನನಗೆ ಕಾಣುತ್ತಿತ್ತು. ಪಕ್ಕದ ತೋಟದವರೊಬ್ಬರು, "ಏನಪ್ಪ, ಬೆಳಿಗ್ಗೆ ಬೆಳಿಗ್ಗೆ ಬೇಲಿ ಎಣಿಸ್ತಾ ಇದೀಯ?" ಎಂದು ನಗುತ್ತಾ ಕೇಳಿದರು. ಹಿಂದೆ ಬರುತ್ತಿದ್ದವನ ಕೈಯ ಬಟ್ಟೆ ಕಂಡು ದಾರಿ ಬಿಟ್ಟು ಸರಿದರು. ರಸ್ತೆಯ ಅಂಚಿನ ಕೊನೆಯ ಬೇಲಿಯನ್ನು ಅಪ್ಪ ಬಿಟ್ಟಾಗ ತಂತಿಯ ಮೇಲೆ ಐದು ಬೆರಳಿನ ರಕ್ತದ ಗುರುತು ಇತ್ತು.

ಕುರಿಗಳು ಡಾಂಬರಿನ ಮೇಲೆ ಹತ್ತಿದವು. ಕುರಿಯವನು ಒಂದೊಂದನ್ನೂ ಕಣ್ಣಿನಲ್ಲೇ ಎಣಿಸಿದ. ಹಿರಿಯೂರಿನ ಕಡೆಯಿಂದ ಬಂದ ಬಸ್ಸು ಹಾರನ್ ಹೊಡೆಯುತ್ತಾ ನಿಂತು, ಮಂದೆ ಪಕ್ಕಕ್ಕೆ ಸರಿದ ಮೇಲೆ ಹೋಯಿತು.

"ಮುಂದಿನೂರು ತನಕ ಬರ್ಲೇನಪ್ಪ? ಅಲ್ಲೂ ಬೇಲಿ ಅವೆ," ಎಂದರು ಅಪ್ಪ.

ಕುರಿಯವನು ಅಪ್ಪನ ಅಂಗೈಯನ್ನು ನೋಡಿದ. ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡ.

"ಬ್ಯಾಡ ಬಿಡ್ರಿ. ಅಲ್ಲಿ ಇನ್ನೊಬ್ಬ ಯಜಮಾನ ಇರ್ತಾನೆ. ಅವನನ್ನ ಮುಂದೆ ನಡಸ್ತೀನಿ."